ಪ್ರಶಸ್ತಿ ಗೆದ್ದ ಶಿಕ್ಷಕರ ತರಗತಿ ಪ್ರಾಜೆಕ್ಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಕರು, ಪೋಷಕರು, ಶಿಕ್ಷಕರಾಗಲು ಓದುತ್ತಿರುವವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲಿನಿಂದ ಓದಬೇಕು ಅಂತೇನಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ಪ್ರಾಜೆಕ್ಟ್ ಅಂದ್ರೆ ಚಾರ್ಟು, ಥರ್ಮೋಕೋಲ್ ಮಾಡೆಲ್ಲು, ಅಷ್ಟೇ ಅಲ್ವಾ?

ಅಷ್ಟೇ ಆಗಿದ್ದರೆ ಈ ಪುಟವೇ ಬೇಕಿರಲಿಲ್ಲ. ಚಾರ್ಟು ಬರೆಯುವಾಗ ಸಾಮಾನ್ಯವಾಗಿ ಆಗುವುದೇನು? ಪಾಠ ಮುಗಿದಿದೆ, ಉತ್ತರ ಗೊತ್ತಿದೆ, ಅದನ್ನೇ ಬಣ್ಣ ಹಚ್ಚಿ ಇನ್ನೊಮ್ಮೆ ತೋರಿಸುತ್ತೇವೆ. ನಿಜವಾದ ಪ್ರಾಜೆಕ್ಟ್ ಶುರುವಾಗುವಾಗ ಉತ್ತರ ಯಾರಿಗೂ ಗೊತ್ತಿರುವುದಿಲ್ಲ. ಟೀಚರಿಗೂ ಗೊತ್ತಿರುವುದಿಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶೂಟ್ಸ್‌ಬರಿ ಎಂಬ ಸಣ್ಣ ಊರಿದೆ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ರಾನ್ ಬರ್ಗರ್ 25ಕ್ಕೂ ಹೆಚ್ಚು ವರ್ಷ ಪಾಠ ಮಾಡಿದರು. ಜೊತೆಗೆ ಬಡಗಿ ಕೆಲಸವನ್ನೂ ಮಾಡುತ್ತಿದ್ದರು. ಆಟೋಡೆಸ್ಕ್ ಫೌಂಡೇಶನ್ ಅವರಿಗೆ ರಾಷ್ಟ್ರಮಟ್ಟದ ಶಿಕ್ಷಕ ಪ್ರಶಸ್ತಿ ಕೊಟ್ಟಿತ್ತು. ಅವರ ಮಕ್ಕಳು ಊರಿನ ಮನೆಗಳಲ್ಲಿ ರೇಡಾನ್ ಎಷ್ಟಿದೆ ಅಂತ ಅಳೆದರು. ರೇಡಾನ್ ಅಂದರೆ ನೆಲದಿಂದ ಮನೆಯೊಳಗೆ ಸೇರುವ, ಬಣ್ಣ ವಾಸನೆ ಇಲ್ಲದ ವಿಕಿರಣ ಅನಿಲ. ಅಳತೆ ಮುಗಿದ ಮೇಲೆ ಮಕ್ಕಳು ಊರಿಗೆ ವರದಿ ಕೊಟ್ಟರು. ಸರಾಸರಿ, ಗ್ರಾಫು, ವಿಕಿರಣ, ವರದಿ ಬರೆಯುವ ಭಾಷೆ ಎಲ್ಲವೂ ಅದರೊಳಗೇ ಬಂತು. ವರದಿಯಲ್ಲಿ ತಪ್ಪಿದ್ದರೆ ಅಕ್ಕಪಕ್ಕದ ಮನೆಯವರು ಸುಮ್ಮನೆ ಗಾಬರಿಯಾಗುತ್ತಾರೆ. ಹಾಗಾಗಿ ಲೆಕ್ಕ ಸರಿ ಇರಲೇಬೇಕು ಅಂತ ಮಕ್ಕಳಿಗೇ ಅನ್ನಿಸುತ್ತದೆ. ಚಾರ್ಟಿನಲ್ಲಿ ಈ ಒತ್ತಡ ಇರುವುದಿಲ್ಲ.

ಇದೇನು ಹೊಸ ಫ್ಯಾಷನ್ನಾ?

ಇಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಚಿಕಾಗೋದಲ್ಲಿ ಪ್ರಯೋಗ ಶಾಲೆ ತೆರೆದದ್ದು 1896ರಲ್ಲಿ. ಅಲ್ಲಿನ ಇನ್ನೊಬ್ಬ ಶಿಕ್ಷಣ ಚಿಂತಕ ವಿಲಿಯಂ ಕಿಲ್‌ಪ್ಯಾಟ್ರಿಕ್ ಪ್ರಾಜೆಕ್ಟ್ ವಿಧಾನದ ಬಗ್ಗೆ ಲೇಖನ ಬರೆದದ್ದು 1918ರಲ್ಲಿ. ವಿಚಾರಕ್ಕೆ ನೂರು ವರ್ಷ ದಾಟಿದೆ, ಬದಲಾಗಿರುವುದು ಸಾಮಗ್ರಿ ಮಾತ್ರ.

ಯಾವ ಪ್ರಶಸ್ತಿ ಬಗ್ಗೆ ಹೇಳ್ತಿದ್ದೀರಿ? ಯಾರು ಕೊಡ್ತಾರೆ?

ಜಗತ್ತಿನ ಮಟ್ಟದಲ್ಲಿ ಹೆಚ್ಚು ಸುದ್ದಿಯಾಗುವುದು ವರ್ಕಿ ಫೌಂಡೇಶನ್ ಕೊಡುವ ಗ್ಲೋಬಲ್ ಟೀಚರ್ ಪ್ರೈಜ್. ಮೊದಲು ಕೊಟ್ಟದ್ದು 2015ರಲ್ಲಿ. ಮೊತ್ತ 10 ಲಕ್ಷ ಡಾಲರ್. ಭಾರತದಲ್ಲಿ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ 1958ರಲ್ಲಿ ಶುರುವಾಯಿತು. ಸೆಪ್ಟೆಂಬರ್ 5ರಂದು ಕೊಡುತ್ತಾರೆ. ಬೆಳ್ಳಿ ಪದಕ, ಪ್ರಮಾಣಪತ್ರ, 50,000 ರೂಪಾಯಿ. 2018ರಿಂದ ಶಿಕ್ಷಕರು ತಮ್ಮ ಹೆಸರನ್ನು ತಾವೇ ಆನ್‌ಲೈನ್‌ನಲ್ಲಿ ಸೂಚಿಸಬಹುದು. ಆಮೇಲೆ ಜಿಲ್ಲೆ, ರಾಜ್ಯ, ರಾಷ್ಟ್ರ ಹೀಗೆ ಹಂತ ಹಂತವಾಗಿ ಆಯ್ಕೆ. ಆ ವರ್ಷವೇ ಪ್ರಶಸ್ತಿಗಳ ಸಂಖ್ಯೆಯನ್ನೂ ತುಂಬ ಇಳಿಸಿದರು. ನನ್ನ ಪ್ರಕಾರ ಅದು ಒಳ್ಳೆಯದೇ ಆಯಿತು. ನೂರಾರು ಜನಕ್ಕೆ ಒಟ್ಟಿಗೆ ಕೊಟ್ಟಾಗ ಯಾರು ಏನು ಮಾಡಿದರು ಅಂತ ಕೇಳುವವರೇ ಇರಲಿಲ್ಲ.

ಒಬ್ಬ ಶಿಕ್ಷಕರನ್ನು ತಗೊಂಡು ಅವರು ನಿಜವಾಗಿ ಏನು ಮಾಡಿದ್ರು ಅಂತ ಬಿಡಿಸಿ ಹೇಳ್ತೀರಾ?

ರಂಜಿತ್‌ಸಿಂಹ ಡಿಸಲೆ ಅವರನ್ನೇ ತೆಗೆದುಕೊಳ್ಳೋಣ. ಅವರ ಕತೆಯಲ್ಲಿ ಕನ್ನಡವೂ ಇದೆ.

2009ರಲ್ಲಿ ಅವರು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ ಬಂದರು. ಕಟ್ಟಡದ ಒಂದು ಕಡೆ ದನದ ಕೊಟ್ಟಿಗೆ, ಇನ್ನೊಂದು ಕಡೆ ಉಗ್ರಾಣ. ಹೆಣ್ಣುಮಕ್ಕಳು ಶಾಲೆಗೆ ಬರುವುದು ಕಡಿಮೆ, ಸಣ್ಣ ವಯಸ್ಸಿಗೇ ಮದುವೆ. ಮಕ್ಕಳ ಮನೆಮಾತು ಕನ್ನಡ, ಪಠ್ಯಪುಸ್ತಕ ಇದ್ದದ್ದು ಬೇರೆ ಭಾಷೆಯಲ್ಲಿ. ಪುಸ್ತಕ ಅರ್ಥವೇ ಆಗದಿದ್ದರೆ ಹಾಜರಿ ಹೇಗೆ ಹೆಚ್ಚಬೇಕು?

ಡಿಸಲೆ ಆ ಊರಿಗೇ ಹೋಗಿ ನೆಲೆಸಿದರು, ಕನ್ನಡ ಕಲಿತರು. 1ರಿಂದ 4ನೇ ತರಗತಿವರೆಗಿನ ಪುಸ್ತಕಗಳನ್ನು ಮಕ್ಕಳ ಭಾಷೆಗೆ ತಂದರು. ಆಮೇಲೆ ಪುಟಗಳಿಗೆ ಕ್ಯೂಆರ್ ಕೋಡ್ ಸೇರಿಸಿದರು. ಮೊಬೈಲ್ ಹಿಡಿದರೆ ಪದ್ಯ ಕೇಳುತ್ತದೆ, ಪಾಠದ ವಿಡಿಯೋ ಬರುತ್ತದೆ, ಕತೆ ಬರುತ್ತದೆ, ಮಾಡಬೇಕಾದ ಅಭ್ಯಾಸ ಸಿಗುತ್ತದೆ. ಯಾವ ಮಗು ಎಲ್ಲಿದೆ ಅಂತ ನೋಡಿಕೊಂಡು ಒಬ್ಬೊಬ್ಬರಿಗೆ ಬೇರೆ ಬೇರೆ ಅಭ್ಯಾಸ ಕೊಟ್ಟರು. ಹೆಣ್ಣುಮಕ್ಕಳ ಹಾಜರಿ ಪೂರ್ತಿಯಾಯಿತು, ಬಾಲ್ಯವಿವಾಹ ನಿಂತಿತು ಎಂದು ಅವರಿಗೆ 2020ರ ಗ್ಲೋಬಲ್ ಟೀಚರ್ ಪ್ರೈಜ್ ಕೊಟ್ಟವರು ದಾಖಲಿಸಿದ್ದಾರೆ.

ಸುದ್ದಿಯಲ್ಲೆಲ್ಲ ಬಂದದ್ದು ಕ್ಯೂಆರ್ ಕೋಡ್. ಆದರೆ ಈ ಕೆಲಸಗಳ ಸರದಿ ನೋಡಿ. ಮೊದಲು ಊರಿನವರ ಜೊತೆ ಇರುವುದು, ಆಮೇಲೆ ಭಾಷೆ, ಆಮೇಲೆ ಪುಸ್ತಕ, ಕೋಡ್ ಎಲ್ಲಕ್ಕಿಂತ ಕೊನೆಗೆ. ಇವರನ್ನು ಅನುಕರಿಸಲು ಹೊರಟವರಲ್ಲಿ ಹೆಚ್ಚಿನವರು ಕೋಡಿನಿಂದಲೇ ಶುರು ಮಾಡುತ್ತಾರೆ. ಅಂಟಿಸಿದ ಕೋಡುಗಳನ್ನು ಒಂದು ತಿಂಗಳಾದ ಮೇಲೆ ಯಾರೂ ಸ್ಕ್ಯಾನ್ ಮಾಡುವುದಿಲ್ಲ.

ಇದಕ್ಕೆಲ್ಲ ಕಂಪ್ಯೂಟರ್, ಇಂಟರ್ನೆಟ್, ದುಡ್ಡು ಬೇಕಲ್ವಾ? ನಮ್ಮ ಶಾಲೇಲಿ ಏನೂ ಇಲ್ಲ.

2019ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಗೆದ್ದ ಪೀಟರ್ ತಬಿಚಿ ಅವರ ಶಾಲೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಕೀನ್ಯಾದ ನಕುರು ಪ್ರದೇಶದ ಕೆರಿಕೊ ಎಂಬ ಸೆಕೆಂಡರಿ ಶಾಲೆ ಅದು. ಇಂಟರ್ನೆಟ್ ಸರಿಯಾಗಿ ಸಿಗುತ್ತಿರಲಿಲ್ಲ. ಸೈಬರ್ ಕೆಫೆಗೆ ಹೋಗಿ ಬೇಕಾದ್ದನ್ನು ಇಳಿಸಿಕೊಂಡು ಬಂದು ತರಗತಿಯಲ್ಲಿ ತೋರಿಸುತ್ತಿದ್ದರು. ಒಬ್ಬ ಶಿಕ್ಷಕರಿಗೆ 58 ಮಕ್ಕಳು. ಅವರು ವಿಜ್ಞಾನ ಕ್ಲಬ್ ಬೆಳೆಸಿದರು. ಕುರುಡರೂ ಕಿವುಡರೂ ವಸ್ತುಗಳನ್ನು ಅಳೆಯಲು ಸಹಾಯ ಮಾಡುವ ಸಾಧನವನ್ನು ಅವರ ವಿದ್ಯಾರ್ಥಿಗಳು ತಯಾರಿಸಿದರು. ಸ್ಥಳೀಯ ಗಿಡಗಳಿಂದ ವಿದ್ಯುತ್ ಪಡೆಯುವ ಪ್ರಯತ್ನಕ್ಕೆ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಪ್ರಶಸ್ತಿ ಬಂತು. ಶಾಲೆಯ ತಂಡ 2019ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಡೆದ ಅಂತಾರಾಷ್ಟ್ರೀಯ ವಿಜ್ಞಾನ ಮೇಳಕ್ಕೆ ಆಯ್ಕೆಯಾಯಿತು.

ಇನ್ನೂ ಕಡಿಮೆ ಖರ್ಚಿನದು ಬೇಕಾ? ಪಶ್ಚಿಮ ಬಂಗಾಳದ ಪಶ್ಚಿಮ ವರ್ಧಮಾನ ಜಿಲ್ಲೆಯ ದೀಪ್ ನಾರಾಯಣ್ ನಾಯಕ್ ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಹಳ್ಳಿಯ ಮನೆಗಳ ಮಣ್ಣಿನ ಗೋಡೆಗೆ ಕಪ್ಪು ಬಣ್ಣ ಬಳಿದು ಬೋರ್ಡ್ ಮಾಡಿದರು. ಮಕ್ಕಳು ದೂರ ದೂರ ಕೂತು ತಮ್ಮ ತಮ್ಮ ಗೋಡೆಯ ಮೇಲೆ ಬರೆದರು. ಕಲಿಯಲು ಅಮ್ಮ, ಅಜ್ಜಿಯರೂ ಬಂದು ಕೂತರು. ನಾಯಕ್ 2023ರ ಗ್ಲೋಬಲ್ ಟೀಚರ್ ಪ್ರೈಜ್‌ನ ಕೊನೆಯ ಹತ್ತು ಜನರಲ್ಲಿ ಒಬ್ಬರು. 2016ರಲ್ಲಿ ಗೆದ್ದ ಪ್ಯಾಲೆಸ್ಟೀನಿನ ಹನಾನ್ ಅಲ್ ಹ್ರೂಬ್ ಹಿಂಸೆ ನೋಡಿ ಬೆದರಿದ್ದ ಪುಟ್ಟ ಮಕ್ಕಳಿಗೆ ಆಟದ ಮೂಲಕ ಪಾಠ ಮಾಡಿದರು. ಆಟದ ಸಾಮಾನುಗಳಲ್ಲಿ ಬಹಳಷ್ಟನ್ನು ಕೈಗೆ ಸಿಕ್ಕ ವಸ್ತುಗಳಿಂದ ತಾವೇ ಮಾಡಿಕೊಂಡರು.

ಹಾಗಂತ ದುಡ್ಡು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ತಬಿಚಿ ತಮ್ಮ ಸಂಬಳದ ಶೇ. 80ರಷ್ಟನ್ನು ಊರಿನ ಬಡ ಮಕ್ಕಳಿಗಾಗಿಯೇ ಖರ್ಚು ಮಾಡುತ್ತಿದ್ದರು. ಅವರು ಫ್ರಾನ್ಸಿಸ್ಕನ್ ಪಂಥದ ಕ್ರೈಸ್ತ ಸನ್ಯಾಸಿ. ಸಂಸಾರ ಇರುವ ಶಿಕ್ಷಕರಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ನಾನು ಭಾಷಾ ಶಿಕ್ಷಕಿ. ಇದು ವಿಜ್ಞಾನದವರಿಗೆ ಮಾತ್ರ ಅನ್ಸುತ್ತೆ.

ಮೊದಲ ಗ್ಲೋಬಲ್ ಟೀಚರ್ ಪ್ರೈಜ್ ಪಡೆದವರೇ ಭಾಷಾ ಶಿಕ್ಷಕಿ. ಅಮೆರಿಕದ ಮೇನ್ ರಾಜ್ಯದ ನ್ಯಾನ್ಸಿ ಆಟ್‌ವೆಲ್. ಅವರ ವಿಧಾನ ಹೇಳಲು ತುಂಬ ಸುಲಭ: ಓದುವ ಪುಸ್ತಕವನ್ನು ಮಕ್ಕಳೇ ಆರಿಸಿಕೊಳ್ಳುತ್ತಾರೆ, ಬರೆಯುವ ವಿಷಯವನ್ನೂ ಅವರೇ ಆರಿಸಿಕೊಳ್ಳುತ್ತಾರೆ. ತರಗತಿಯಲ್ಲೇ ಓದಲು, ಬರೆಯಲು ದಿನವೂ ಸಮಯ. ಅವರ ಶಾಲೆಯ ಮಗು ವರ್ಷಕ್ಕೆ ಸರಾಸರಿ 40 ಪುಸ್ತಕ ಓದುತ್ತದೆ.

ಮಾಡಲು ಮಾತ್ರ ಇದು ಸುಲಭವಲ್ಲ. ಪ್ರತಿ ಮಗು ಬೇರೆ ಪುಸ್ತಕ ಹಿಡಿದಿದ್ದರೆ ಟೀಚರ್ ಅಷ್ಟನ್ನೂ ಓದಿರಬೇಕು, ಕನಿಷ್ಠ ಅದರ ಬಗ್ಗೆ ಮಾತಾಡುವಷ್ಟು ಗೊತ್ತಿರಬೇಕು. ತರಗತಿಯಲ್ಲಿ ಒಳ್ಳೆಯ ಪುಸ್ತಕಗಳ ರಾಶಿ ಇರಬೇಕು.

2018ರಲ್ಲಿ ಗೆದ್ದ ಆಂಡ್ರಿಯಾ ಜಾಫಿರಾಕೂ ಲಂಡನ್ನಿನ ಆಲ್ಪರ್ಟನ್ ಶಾಲೆಯಲ್ಲಿ ಚಿತ್ರಕಲೆ ಮತ್ತು ಬಟ್ಟೆ ವಿನ್ಯಾಸ ಕಲಿಸುವವರು. ಹತ್ತಾರು ದೇಶಗಳಿಂದ ಬಂದ ಮಕ್ಕಳಿರುವ ಶಾಲೆ ಅದು. ಮಕ್ಕಳನ್ನೂ ಪೋಷಕರನ್ನೂ ಅವರವರ ಭಾಷೆಯಲ್ಲೇ ಮಾತಾಡಿಸಲು ಅವರು 35 ಭಾಷೆಗಳಲ್ಲಿ ನಾಲ್ಕು ಮಾತು ಕಲಿತರು. ಇಂಗ್ಲಿಷ್ ಬಾರದ ಮಗು ಚಿತ್ರದಲ್ಲಿ ಮೊದಲು ಗೆಲ್ಲುತ್ತದೆ, ಆ ಧೈರ್ಯದಿಂದ ಉಳಿದ ವಿಷಯಕ್ಕೆ ಕೈ ಹಾಕುತ್ತದೆ. ಕಲೆಯ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡಿ ಅಂತ ಕೇಳುವವರು ಇದನ್ನು ಸ್ವಲ್ಪ ಯೋಚಿಸಬೇಕು.

## ತರಗತಿಯಲ್ಲಿ ಮಾಡುವಾಗ

ನನಗೂ ಮಾಡ್ಬೇಕು ಅಂತ ಆಸೆ ಇದೆ. ಎಲ್ಲಿಂದ ಶುರು ಮಾಡ್ಲಿ?

ಐಡಿಯಾ ಹುಡುಕಬೇಡಿ, ಅಡ್ಡಿ ಹುಡುಕಿ. ಮೇಲೆ ಹೇಳಿದ ಎಲ್ಲರ ಕೆಲಸದಲ್ಲೂ ಒಂದು ನಿರ್ದಿಷ್ಟ ಅಡ್ಡಿ ಕಾಣುತ್ತದೆ: ಅರ್ಥವಾಗದ ಪುಸ್ತಕ, ಮುಚ್ಚಿದ ಶಾಲೆ, ಬೆದರಿದ ಮಗು. ನಿಮ್ಮ ತರಗತಿಯಲ್ಲಿ ಯಾರು ಕಲಿಯುತ್ತಿಲ್ಲ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಎರಡು ವಾರ ಸುಮ್ನೆ ಗಮನಿಸಿ ಬರೆದಿಡಿ. 'ಮಕ್ಕಳಿಗೆ ಆಸಕ್ತಿ ಇಲ್ಲ' ಅಂತ ಬರೆದರೆ ಪ್ರಯೋಜನವಿಲ್ಲ. 'ಭಿನ್ನರಾಶಿ ಕೂಡುವಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡುತ್ತಾರೆ' ಅಂತ ಬರೆದರೆ ಕೆಲಸ ಶುರು ಮಾಡಬಹುದು.

ಮಕ್ಕಳ ಕೈಲೇ ಸಮಸ್ಯೆ ಹುಡುಕಿಸುವ ದಾರಿಯೂ ಇದೆ. ಅಹಮದಾಬಾದಿನ ರಿವರ್‌ಸೈಡ್ ಶಾಲೆಯ ಕಿರಣ್ ಬೀರ್ ಸೇಥಿ ಇದಕ್ಕೆ ನಾಲ್ಕು ಹೆಜ್ಜೆ ಹಾಕಿಕೊಟ್ಟರು: ಅನುಭವಿಸು, ಊಹಿಸು, ಮಾಡು, ಹಂಚಿಕೋ. ಬಾಲಕಾರ್ಮಿಕರ ಬಗ್ಗೆ ಪಾಠ ಮಾಡುವ ಬದಲು 5ನೇ ತರಗತಿಯ ಮಕ್ಕಳ ಕೈಲಿ ಎಂಟು ಗಂಟೆ ಊದುಬತ್ತಿ ಹೊಸೆಸಿದರು. ಬೆನ್ನು ನೋವು ಶುರುವಾದ ಮೇಲೆ ಮಕ್ಕಳಿಗೆ ಉಪದೇಶ ಬೇಕಾಗಲಿಲ್ಲ. ತಾವೇ ಬೀದಿಗೆ ಹೋಗಿ ಜನರಿಗೆ ಹೇಳಿದರು. 2009ರಲ್ಲಿ ಶುರುವಾದ 'ಡಿಸೈನ್ ಫಾರ್ ಚೇಂಜ್' ಹೀಗೆ ಹುಟ್ಟಿ ಹಲವು ದೇಶಗಳಿಗೆ ಹೋಯಿತು. ಸೇಥಿ 2015ರ ಗ್ಲೋಬಲ್ ಟೀಚರ್ ಪ್ರೈಜ್‌ನ ಕೊನೆಯ ಹತ್ತರಲ್ಲಿದ್ದರು.

ಪೋರ್ಷನ್ ಮುಗಿಸೋದೇ ಕಷ್ಟ. ಇದಕ್ಕೆ ಟೈಮ್ ಎಲ್ಲಿಂದ ತರೋದು?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಸಬೂಬು ಅಂತ ಇದನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಮಸ್ಯೆ ನಿಜ. ಆಟ್‌ವೆಲ್ ಅವರು ಗೆದ್ದ ಮೇಲೆ ಒಂದು ಸಂದರ್ಶನದಲ್ಲಿ, ಶಿಕ್ಷಕರಾಗಬಯಸುವ ಸೃಜನಶೀಲ ಯುವಕರಿಗೆ ಪರೀಕ್ಷೆಯ ಒತ್ತಡವಿರುವ ಸರ್ಕಾರಿ ಶಾಲೆಗಿಂತ ಖಾಸಗಿ ಶಾಲೆ ನೋಡಿ ಎನ್ನುವ ಅರ್ಥದ ಮಾತು ಹೇಳಿದರು. ಅದಕ್ಕೆ ಟೀಕೆಯೂ ಬಂತು. ಅವರು ಪಾಠ ಮಾಡುತ್ತಿದ್ದದ್ದು 1990ರಲ್ಲಿ ತಾವೇ ಕಟ್ಟಿದ ಶಾಲೆಯಲ್ಲಿ. ಎಲ್ಲರಿಗೂ ಆ ಸ್ವಾತಂತ್ರ್ಯ ಎಲ್ಲಿದೆ?

ಇದ್ದುದರಲ್ಲಿ ಮಾಡಬಹುದಾದ್ದು ಇಷ್ಟು. ಪಾಠ ಮುಗಿದ ಮೇಲೆ ಬೇರೆ ಕೆಲಸವಾಗಿ ಪ್ರಾಜೆಕ್ಟ್ ಮಾಡಬೇಡಿ, ಪಾಠವನ್ನೇ ಪ್ರಾಜೆಕ್ಟ್ ಮೂಲಕ ಮಾಡಿ. ಸಿಲಬಸ್ ಮುಂದಿಟ್ಟುಕೊಂಡು ಒಟ್ಟಿಗೆ ಬರುವ ಎರಡು ಮೂರು ಪಾಠಗಳನ್ನು ಗುರುತು ಹಾಕಿಕೊಳ್ಳಿ. ಅಂಕಿ ಅಂಶ, ನೀರು, ವರದಿ ಬರೆಯುವುದು ಈ ಮೂರೂ ಬೇರೆ ಬೇರೆ ಪುಸ್ತಕದಲ್ಲಿರುತ್ತವೆ. ಮಕ್ಕಳು ಶಾಲೆಯ ನಲ್ಲಿಗಳಲ್ಲಿ ದಿನಕ್ಕೆ ಎಷ್ಟು ನೀರು ಪೋಲಾಗುತ್ತದೆ ಅಂತ ಅಳೆದರೆ ಮೂರೂ ಮುಗಿಯುತ್ತವೆ. ವರ್ಷಕ್ಕೆ ಒಂದು ಸಾಕು. ಎರಡಾದರೆ ಜಾಸ್ತಿಯೇ. ಉಳಿದ ಪಾಠ ಎಂದಿನಂತೆ ನಡೆಯಲಿ.

ಗುಂಪಲ್ಲಿ ಒಬ್ಬನೇ ಕೆಲಸ ಮಾಡ್ತಾನೆ, ಉಳಿದವರು ಸುಮ್ನೆ ಕೂರ್ತಾರೆ. ಏನು ಮಾಡೋದು?

ಗುಂಪು ದೊಡ್ಡದಾಗಿರುತ್ತದೆ, ಇಲ್ಲವೇ ಕೆಲಸ ಚಿಕ್ಕದಾಗಿರುತ್ತದೆ. ಮೂರು ಅಥವಾ ನಾಲ್ಕು ಮಕ್ಕಳು ಸಾಕು. ಒಬ್ಬೊಬ್ಬರ ಕೈಯಲ್ಲೂ ಉಳಿದವರಿಗೆ ಬೇಕಾದ ಒಂದು ತುಂಡು ಇರಬೇಕು. ನಲ್ಲಿಯ ಉದಾಹರಣೆಯಲ್ಲಿ ಒಂದೊಂದು ಮಗುವಿಗೂ ಒಂದೊಂದು ನಲ್ಲಿ. ಒಬ್ಬರ ಅಳತೆ ಬಾರದಿದ್ದರೆ ಒಟ್ಟು ಮೊತ್ತ ಬರುವುದಿಲ್ಲ. ಕೊನೆಗೆ ಯಾರು ಉತ್ತರ ಹೇಳಬೇಕು ಅಂತ ನೀವು ಆರಿಸಿ, ಗುಂಪಿನ ಜಾಣ ಮಗು ತಾನೇ ಎದ್ದು ನಿಲ್ಲದಿರಲಿ.

ಕೂತೇ ಇರುವ ಮಗುವನ್ನು ಸೋಮಾರಿ ಅನ್ನುವ ಮೊದಲು ಒಂದು ನೋಡಿ: ಅದಕ್ಕೆ ಓದಲು ಬರುತ್ತದೆಯೇ? ಎಷ್ಟೋ ಸಲ ಅಡ್ಡಿ ಅಲ್ಲೇ ಇರುತ್ತದೆ.

ಮನೆಗೆ ಕೊಟ್ರೆ ಅಪ್ಪ ಅಮ್ಮನೇ ಮಾಡಿ ಕಳಿಸ್ತಾರೆ!

ಮನೆಗೆ ಕೊಡಬೇಡಿ. ಶಾಲೆಯಲ್ಲೇ, ನಿಮ್ಮ ಕಣ್ಣೆದುರೇ ಆಗಲಿ. ಮನೆಗೆ ಕೊಡುವುದಾದರೆ ಅಜ್ಜಿಯನ್ನು ಮಾತಾಡಿಸಿ ಬರೆದುಕೊಂಡು ಬಾ ಅನ್ನುವಂಥದ್ದು ಕೊಡಿ.

ಇದಕ್ಕೆ ಅಂಕ ಹೇಗೆ ಕೊಡೋದು? ಎಲ್ಲರಿಗೂ ಹತ್ತಕ್ಕೆ ಒಂಬತ್ತು ಕೊಟ್ಟು ಮುಗಿಸ್ತಿದ್ದೀವಿ.

ಅಂಕಕ್ಕಿಂತ ಮೊದಲು ತಿದ್ದುವ ಅವಕಾಶ ಕೊಡಿ. ರಾನ್ ಬರ್ಗರ್ ಎಲ್ಲ ಕಡೆ ತೋರಿಸುವ ಒಂದು ಚಿಟ್ಟೆಯ ಚಿತ್ರವಿದೆ. ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿ ಊರಿನ ಒಂದನೇ ತರಗತಿ ಹುಡುಗ ಬರೆದದ್ದು. ಫೋಟೋ ನೋಡಿ ವಿಜ್ಞಾನಿಯಂತೆ ಬಿಡಿಸಬೇಕಿತ್ತು. ಮೊದಲನೆಯದು ಎಲ್ಲ ಪುಟ್ಟ ಮಕ್ಕಳು ಬರೆಯುವ ಚಿಟ್ಟೆಯೇ. ಸಹಪಾಠಿಗಳು ನೆಲದ ಮೇಲೆ ಕೂತು ಒಂದೊಂದೇ ಹೇಳಿದರು: ರೆಕ್ಕೆ ತ್ರಿಕೋನದ ಹಾಗಿರಬೇಕು, ಕೆಳಗೆ ಬಾಲದಂಥದ್ದು ಇದೆ, ಈಗ ಗೆರೆಗಳನ್ನು ಹಾಕು. ಚೆನ್ನಾಗಿಲ್ಲ ಅಂತ ಯಾರೂ ಹೇಳಲಿಲ್ಲ. ಆರನೆಯ ಸಲದ ಚಿತ್ರ ನೋಡಿದರೆ ಅದೇ ಮಗು ಬರೆದದ್ದು ಅಂತ ನಂಬುವುದು ಕಷ್ಟ.

ಮೊದಲ ಚಿತ್ರಕ್ಕೇ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರೆ? ಅಲ್ಲಿಗೇ ಮುಗಿಯುತ್ತಿತ್ತು.

ಅಂಕ ಕೊಡಲೇಬೇಕಾದಾಗ ಎರಡು ಭಾಗ ಮಾಡಿ. ಗುಂಪಿನ ಕೆಲಸಕ್ಕೆ ಸ್ವಲ್ಪ, ಮಗು ಒಂಟಿಯಾಗಿ ಬರೆದು ಅಥವಾ ಹೇಳಿ ತೋರಿಸಿದ್ದಕ್ಕೆ ಜಾಸ್ತಿ. ಏನನ್ನು ನೋಡುತ್ತೀರಿ ಅಂತ ಶುರುವಿನಲ್ಲೇ ಹೇಳಿ: ಅಳತೆ ಸರಿಯಿದೆಯೇ, ಕಾರಣ ಹೇಳಿದ್ದಾರೆಯೇ, ಮೊದಲ ಕರಡು ಪ್ರತಿಗೂ ಕೊನೆಯದಕ್ಕೂ ಏನು ಬದಲಾಗಿದೆ. ಅಲಂಕಾರಕ್ಕೆ ಅಂಕ ಬೇಡ.

ನಮ್ಮ ಮಕ್ಕಳು ಶಾಲೆಗೇ ಬರಲ್ಲ. ಇನ್ನೆಲ್ಲಿ ಪ್ರಾಜೆಕ್ಟು?

2017ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಗೆದ್ದ ಮ್ಯಾಗಿ ಮ್ಯಾಕ್‌ಡೊನೆಲ್ ಅವರ ಕತೆ ಇಂಥ ಕಡೆಯದೇ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯಲ್ಲಿ ಸಲ್ಲುಯಿಟ್ ಎಂಬ ಇನ್ಯೂಟ್ ಮೂಲನಿವಾಸಿಗಳ ಹಳ್ಳಿಯಿದೆ. ರಸ್ತೆಯಲ್ಲಿ ಹೋಗಲು ಆಗುವುದಿಲ್ಲ, ವಿಮಾನವೇ ಗತಿ. ಚಳಿಗಾಲದಲ್ಲಿ ಕೊರೆಯುವ ಚಳಿ, ಹದಿಹರೆಯದವರಲ್ಲಿ ಆತ್ಮಹತ್ಯೆ ಹೆಚ್ಚು, ಹೊರಗಿಂದ ಬಂದ ಶಿಕ್ಷಕರು ಬೇಗ ಬಿಟ್ಟು ಹೋಗುತ್ತಿದ್ದರು. ಅವರು ಅಲ್ಲೇ ಉಳಿದರು. ವಿದ್ಯಾರ್ಥಿಗಳ ಜೊತೆ ಸೇರಿ ಇಡೀ ಊರಿಗೆ ಬೇಕಾಗುವ ವ್ಯಾಯಾಮ ಕೇಂದ್ರ ಕಟ್ಟಿದರು, ಸಮುದಾಯದ ಅಡುಗೆಮನೆ ನಡೆಸಿದರು.

ಇದರ ಹಿಂದಿನ ಲೆಕ್ಕ ಸರಳ. ಈ ಮಕ್ಕಳನ್ನು ಊರು ಸಮಸ್ಯೆ ಅಂತ ನೋಡುತ್ತಿತ್ತು. ಅವರ ಕೈಗೇ ಊರಿಗೆ ಬೇಕಾದ ಕೆಲಸ ಕೊಟ್ಟಾಗ, ತಾನು ಬಾರದಿದ್ದರೆ ಕೆಲಸ ನಿಲ್ಲುತ್ತದೆ ಅಂತ ಮಗುವಿಗೆ ಗೊತ್ತಾಗುತ್ತದೆ. ಹಾಜರಿ ಪುಸ್ತಕ ತೋರಿಸಿ ಗದರಿಸುವುದಕ್ಕಿಂತ ಅದು ಬಲವಾದ ಕಾರಣ. ಹಸಿವು, ಕೂಲಿ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊರೆ ಇದ್ದರೆ ಮಾತ್ರ ಪ್ರಾಜೆಕ್ಟ್ ಏನೂ ಮಾಡಲಾರದು. ಮೊದಲು ಅದನ್ನು ನೋಡಬೇಕು.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ಇದರಿಂದ ಕಲಿಕೆ ಜಾಸ್ತಿ ಆಗುತ್ತೆ ಅನ್ನೋಕೆ ಪುರಾವೆ ಇದೆಯಾ, ಅಥವಾ ಬರೀ ಉತ್ಸಾಹವಾ?

ಪುರಾವೆ ಎರಡೂ ಕಡೆಗಿದೆ.

ಅಮೆರಿಕದ ಹೈಸ್ಕೂಲುಗಳ ಎರಡು ಕಾಲೇಜು ಮಟ್ಟದ ವಿಷಯಗಳನ್ನು ಪ್ರಾಜೆಕ್ಟ್ ಮೂಲಕ ಕಲಿಸಿ ನೋಡಿದ ಅಧ್ಯಯನವೊಂದು 2021ರಲ್ಲಿ ಬಂತು. ಪರಿಸರ ವಿಜ್ಞಾನ ಒಂದು, ಸರ್ಕಾರ ಮತ್ತು ರಾಜಕೀಯ ಇನ್ನೊಂದು. ಎಂದಿನಂತೆ ಕಲಿತವರಿಗಿಂತ ಇವರ ಪಾಸಾಗುವ ಪ್ರಮಾಣ ಸುಮಾರು 8 ಶೇಕಡಾ ಅಂಶ ಹೆಚ್ಚಿತ್ತು. ಆದರೆ ಅಲ್ಲಿನ ಶಿಕ್ಷಕರಿಗೆ ಸಿದ್ಧ ಪಠ್ಯಕ್ರಮ, ತರಬೇತಿ, ವರ್ಷವಿಡೀ ನೆರವು ಸಿಕ್ಕಿತ್ತು.

ಇನ್ನೊಂದು ಕಡೆ, ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ 2016ರಲ್ಲಿ ಪ್ರಕಟಿಸಿದ ಪ್ರಾಜೆಕ್ಟ್ ಕಲಿಕೆಯ ಮೌಲ್ಯಮಾಪನದಲ್ಲಿ 11–12 ವರ್ಷದ ಮಕ್ಕಳ ಓದು ಬರಹದ ಮೇಲೆ ಸ್ಪಷ್ಟ ಪರಿಣಾಮ ಕಾಣಲಿಲ್ಲ. ಬಡ ಮಕ್ಕಳಿಗೆ ಸ್ವಲ್ಪ ಹಿನ್ನಡೆಯೇ ಆಗಿರಬಹುದು ಎಂಬ ಸೂಚನೆಯೂ ಇತ್ತು. ಹಲವು ಶಾಲೆಗಳು ಮಧ್ಯದಲ್ಲೇ ಬಿಟ್ಟುಹೋದ್ದರಿಂದ ಆ ಫಲಿತಾಂಶವನ್ನು ಪೂರ್ತಿ ಗಟ್ಟಿ ಅನ್ನುವಂತಿಲ್ಲ. 2006ರಲ್ಲಿ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ಬರೆದ ಪ್ರಬಂಧದ ವಾದವೂ ಮುಖ್ಯ: ವಿಷಯಕ್ಕೆ ಹೊಸಬನಾದ ಮಗುವನ್ನು ಮಾರ್ಗದರ್ಶನ ಇಲ್ಲದೆ ಬಿಟ್ಟರೆ ಅದರ ಗಮನವೆಲ್ಲ ಏನು ಮಾಡಬೇಕು ಎನ್ನುವುದರಲ್ಲೇ ಖರ್ಚಾಗುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ.

ನಾನು ಇದರಿಂದ ತೆಗೆದುಕೊಳ್ಳುವುದು ಇಷ್ಟು. ಮೊದಲು ಬೇಕಾದ ಜ್ಞಾನವನ್ನು ನೇರವಾಗಿ, ಚೆನ್ನಾಗಿ ಕಲಿಸಿ. ಆಮೇಲೆ ಅದನ್ನು ಬಳಸುವ ಪ್ರಾಜೆಕ್ಟ್ ಕೊಡಿ, ನಡುನಡುವೆ ನಿಲ್ಲಿಸಿ ಪಾಠ ಮಾಡಿ. 'ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ' ಅಂತ ಕೈಕಟ್ಟಿ ನಿಂತರೆ ಮನೆಯಲ್ಲಿ ಹೇಳಿಕೊಡುವವರು ಇರುವ ಮಕ್ಕಳು ಮುಂದೆ ಹೋಗುತ್ತಾರೆ, ಉಳಿದವರು ಹಿಂದೆ ಬೀಳುತ್ತಾರೆ.

ಒಂದು ಶಾಲೇಲಿ ಗೆದ್ದದ್ದು ಎಲ್ಲ ಶಾಲೆಗೂ ಹರಡಬಹುದಾ?

ವಸ್ತು ಬೇಗ ಹರಡುತ್ತದೆ, ರೂಢಿ ನಿಧಾನ. ಡಿಸಲೆ ಶುರು ಮಾಡಿದ ಕ್ಯೂಆರ್ ಕೋಡ್ 2017ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕಗಳಿಗೆ ಬಂತು. ಮರುವರ್ಷ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲೂ ಹಾಕುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿತು. ಕೋಡ್ ಹೋಯಿತು. ಪ್ರತಿ ಮಗುವಿಗೆ ಬೇರೆ ಅಭ್ಯಾಸ ಕೊಡುವ ಅವರ ರೂಢಿಯನ್ನು ಮುದ್ರಿಸಿ ಹಂಚಲು ಬರುವುದಿಲ್ಲ.

ರೂಢಿಯೇ ಹರಡಿದ ಉದಾಹರಣೆ ಬೇಕಾದರೆ ನಲಿ-ಕಲಿ ನೋಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಕಾರ್ಡುಗಳ ಮೂಲಕ ಮಕ್ಕಳು ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡರು, ವಾಪಸ್ ಬಂದು ತಮ್ಮ ಮಕ್ಕಳಿಗೆ ತಕ್ಕ ಹಾಗೆ ತಾವೇ ಕಾರ್ಡು ಬರೆದರು. ಇಡೀ ರಾಜ್ಯಕ್ಕೆ ಹೋಗಿದ್ದು 2009–10ರ ಹೊತ್ತಿಗೆ. ಹರಡುವಾಗ ಒಂದು ಬದಲಾವಣೆ ಆಗುವುದನ್ನು ಗಮನಿಸಿ: ಮೊದಲ ಶಿಕ್ಷಕರು ಕಾರ್ಡು ಬರೆದವರು, ಆಮೇಲಿನವರ ಕೈಗೆ ಕಾರ್ಡು ಬರೆದೇ ಬಂತು.

ಆ ಶಿಕ್ಷಕರು ಬೇರೆ ಕಡೆ ಹೋದ್ರೆ ಎಲ್ಲ ನಿಂತುಹೋಗಲ್ವಾ?

ಎಷ್ಟೋ ಕಡೆ ನಿಲ್ಲುತ್ತದೆ. ಇದಕ್ಕೆ ಜೈಮೆ ಎಸ್ಕಲಾಂಟೆ ಅವರ ಉದಾಹರಣೆ ಕಣ್ಣು ತೆರೆಸುವಂಥದ್ದು. ಬೊಲಿವಿಯಾದಲ್ಲಿ ಹುಟ್ಟಿದವರು, ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆ ಪಾಸಾದರು. ಬಡ ಬಡಾವಣೆಯ ಶಾಲೆ ಅದು. ಉತ್ತರಗಳಲ್ಲಿ ಒಂದೇ ಥರದ ತಪ್ಪುಗಳಿವೆ ಅಂತ ಪರೀಕ್ಷೆ ನಡೆಸಿದವರಿಗೆ 14 ಜನರ ಮೇಲೆ ಅನುಮಾನ. 12 ಮಂದಿ ಮತ್ತೆ ಬರೆದರು, 12 ಮಂದಿಯೂ ಪಾಸು.

ಅವರ ಕತೆ ಹೇಳುವ ಸಿನಿಮಾ ನೋಡಿದವರಿಗೆ ಇದು ಒಂದೇ ವರ್ಷದ ಪವಾಡದ ಹಾಗೆ ಕಾಣುತ್ತದೆ. ಅವರು ಆ ಶಾಲೆಗೆ ಬಂದದ್ದು 1974ರಲ್ಲಿ. ಕೆಳಗಿನ ತರಗತಿಗಳ ಬೀಜಗಣಿತ ಸರಿ ಮಾಡಿದರು, ಬೇಸಿಗೆ ತರಗತಿ ನಡೆಸಿದರು, ಜೊತೆಗೆ ಇನ್ನೊಬ್ಬ ಗಣಿತ ಶಿಕ್ಷಕರನ್ನು ಬೆಳೆಸಿದರು, ಬೆನ್ನಿಗೆ ನಿಂತ ಪ್ರಿನ್ಸಿಪಾಲ್ ಒಬ್ಬರಿದ್ದರು. ಪ್ರಿನ್ಸಿಪಾಲ್ ಬದಲಾದರು. 1991ರಲ್ಲಿ ಎಸ್ಕಲಾಂಟೆಯೂ ಶಾಲೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಪಾಸಾಗುವವರ ಸಂಖ್ಯೆ ಕುಸಿಯಿತು.

ಹಾಗಾಗಿ ಮೊದಲ ವರ್ಷದಿಂದಲೇ ಇನ್ನೊಬ್ಬ ಶಿಕ್ಷಕರನ್ನು ಜೊತೆಗೆ ಸೇರಿಸಿಕೊಳ್ಳಿ. ಏನು ಮಾಡಿದಿರಿ, ಏನು ಕೈಕೊಟ್ಟಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಶಾಲೆಯಲ್ಲೇ ಇಡಿ. ಹೆಡ್‌ಮಾಸ್ಟರಿಗೆ ತಿಳಿಯದೆ ಮಾಡಿದ ಪ್ರಾಜೆಕ್ಟ್ ಅವರ ಬೆಂಬಲ ಬೇಕಾದ ದಿನ ಒಂಟಿಯಾಗುತ್ತದೆ.

ಮಕ್ಕಳ ಮೇಲೆ ಹೀಗೆ ಪ್ರಯೋಗ ಮಾಡೋದು ಸರೀನಾ?

ಒಳ್ಳೆಯ ಉದ್ದೇಶ ಇದ್ದರೆ ಸಾಲದು. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, ಅಮೆರಿಕದ ಅಯೋವಾ ರಾಜ್ಯದ ಜೇನ್ ಎಲಿಯಟ್ ತಮ್ಮ ಮೂರನೇ ತರಗತಿಯನ್ನು ಕಣ್ಣಿನ ಬಣ್ಣದ ಮೇಲೆ ಎರಡು ಪಾಲು ಮಾಡಿದರು. ಒಂದು ದಿನ ಒಂದು ಬಣ್ಣದವರು ಮೇಲು, ಇನ್ನೊಂದು ದಿನ ಇನ್ನೊಂದು. ಭೇದಭಾವ ಏನು ಅಂತ ಮಕ್ಕಳಿಗೆ ಸ್ವಂತ ಅನುಭವದಿಂದಲೇ ತಿಳಿಯಿತು. ಜಗತ್ತಿನಾದ್ಯಂತ ಹೆಸರಾದ ಪಾಠ ಅದು. ಆದರೆ ಎಂಟು ವರ್ಷದ ಮಕ್ಕಳನ್ನು ಮೊದಲೇ ಹೇಳದೆ, ಪೋಷಕರನ್ನು ಕೇಳದೆ ಅವಮಾನಕ್ಕೆ ಗುರಿ ಮಾಡಬಹುದೇ? ನನ್ನ ಉತ್ತರ: ಬೇಡ. ಮಗುವಿಗೆ ಯಾವಾಗ ಬೇಕಾದರೂ 'ನನಗೆ ಬೇಡ' ಅನ್ನುವ ಹಕ್ಕಿರಬೇಕು. ಸೇಥಿಯವರ ಊದುಬತ್ತಿ ಪಾಠಕ್ಕೂ ಈ ಮಾತು ಅನ್ವಯಿಸುತ್ತದೆ.

ಇವತ್ತಿನ ದಿನದಲ್ಲಿ ಫೋಟೋ ಇನ್ನೊಂದು ತಲೆನೋವು. ಬಡತನ, ಅಂಗವೈಕಲ್ಯ, ಮನೆಯ ಗಲಾಟೆ ಇವನ್ನು ಹೇಳುವ ವಿಡಿಯೋದಲ್ಲಿ ಮಗುವಿನ ಮುಖ ಬೇಡವೇ ಬೇಡ. ಶಿಕ್ಷಕರ ಸಾಧನೆಯ ವಿಡಿಯೋದಲ್ಲಿ ಅಳುತ್ತಿರುವ ಮಗು ಹತ್ತು ವರ್ಷ ಆದಮೇಲೂ ಇಂಟರ್ನೆಟ್‌ನಲ್ಲಿ ಅಳುತ್ತಲೇ ಇರುತ್ತದೆ.

ಪ್ರಶಸ್ತಿಯೆಲ್ಲ ಬರೀ ಶೋ ಅಲ್ವಾ? ಫೈಲ್ ಚೆನ್ನಾಗಿ ಮಾಡಿದವರಿಗೆ ಸಿಗುತ್ತೆ ಅಂತಾರೆ.

ಸ್ವಲ್ಪ ನಿಜ. ಬರೆಯಲು ಬರುವವರಿಗೆ, ಫೋಟೋ ಇಟ್ಟುಕೊಂಡವರಿಗೆ ಅನುಕೂಲ ಹೆಚ್ಚು. ಜೊತೆಗೆ ಇಂಥ ಕತೆಗಳಲ್ಲಿ ಬರುವ ಅಂಕಿಗಳನ್ನು ಎಷ್ಟೋ ಸಲ ಶಾಲೆಯವರೇ ಕೊಟ್ಟಿರುತ್ತಾರೆ, ಹೊರಗಿನವರು ಅಳೆದಿರುವುದಿಲ್ಲ. ಹಾಗಾಗಿ ನಾನು ಶೇಕಡಾವಾರು ನೋಡುವುದಕ್ಕಿಂತ ಮೊದಲು ಕೆಲಸದ ವಿವರ ನೋಡುತ್ತೇನೆ.

ಗೆದ್ದ ಮೇಲೆ ದುಡ್ಡು ಎಲ್ಲಿ ಹೋಯಿತು ಅಂತ ನೋಡಿದರೂ ಒಂದಿಷ್ಟು ತಿಳಿಯುತ್ತದೆ. ಆಟ್‌ವೆಲ್ ಪೂರ್ತಿ ಮೊತ್ತವನ್ನು ತಮ್ಮ ಶಾಲೆಗೆ ಕೊಟ್ಟರು. ಜಾಫಿರಾಕೂ ಕಲಾವಿದರನ್ನು ಶಾಲೆಗಳಿಗೆ ಕರೆತರುವ ಸಂಸ್ಥೆ ಕಟ್ಟಿದರು. ಡಿಸಲೆ ಅರ್ಧ ಮೊತ್ತವನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು, ಒಬ್ಬೊಬ್ಬರಿಗೆ ಸುಮಾರು 55,000 ಡಾಲರ್.

ನಾನು ಅರ್ಜಿ ಹಾಕ್ಬೇಕು ಅಂತಿದ್ದೀನಿ. ಏನು ಬರೀಬೇಕು?

ಅರ್ಜಿಯ ತಿಂಗಳಲ್ಲಿ ಶುರು ಮಾಡಬೇಡಿ. ಪ್ರಾಜೆಕ್ಟ್ ಶುರುವಾಗುವ ಮೊದಲೇ ಮಕ್ಕಳು ಎಲ್ಲಿದ್ದರು ಅಂತ ಬರೆದಿಡಿ. ಎಷ್ಟು ಮಕ್ಕಳು ಒಂದು ಪುಟ ತಡವರಿಸದೆ ಓದುತ್ತಿದ್ದರು, ಎಷ್ಟು ಮಕ್ಕಳು ದಿನವೂ ಬರುತ್ತಿದ್ದರು. ಇದಿಲ್ಲದೆ ವರ್ಷದ ಕೊನೆಯ ಅಂಕಿಗೆ ಬೆಲೆಯಿಲ್ಲ. ಒಂದೇ ಮಗುವಿನ ಮೊದಲ ಬರಹ ಮತ್ತು ಕೊನೆಯ ಬರಹವನ್ನು ಪಕ್ಕ ಪಕ್ಕ ಇಡಿ, ಹೆಸರು ಮುಚ್ಚಿ. ಅದು ಇಪ್ಪತ್ತು ಸಮಾರಂಭದ ಫೋಟೋಗಿಂತ ಹೆಚ್ಚು ಹೇಳುತ್ತದೆ.

'ನವೀನ', 'ಸರ್ವಾಂಗೀಣ' ಇಂಥ ಪದಗಳನ್ನು ತೆಗೆದುಹಾಕಿ. ಸೋಮವಾರ ಬೆಳಗ್ಗೆ ಮಕ್ಕಳು ನಿಜವಾಗಿ ಏನು ಮಾಡಿದರು ಅಂತ ಬರೆಯಿರಿ. ಸಹೋದ್ಯೋಗಿಗಳು ಮಾಡಿದ್ದನ್ನು ಅವರ ಹೆಸರಲ್ಲೇ ಬರೆಯಿರಿ, ಪರಿಶೀಲನೆಗೆ ಬಂದವರು ಅವರನ್ನೂ ಮಾತಾಡಿಸಬಹುದು. ಭಾರತದ ರಾಷ್ಟ್ರೀಯ ಪ್ರಶಸ್ತಿಗಾದರೆ ಇನ್ನೊಂದು ನೆನಪಿಡಿ: ಖಾಸಗಿ ಟ್ಯೂಷನ್ ಮಾಡುವವರಿಗೆ ಅದು ಸಿಗುವುದಿಲ್ಲ.